ಪಕ್ಕದ ಮನೆಯಲ್ಲಿ ಕೂತು ಒಲೆ ನೋಡುತ್ತಿದ್ದವರು

ಒಲೆ ಮಾಡುವವರು ಹೇಗಿರುತ್ತಾರೆ ಎಂದು ನನಗೊಂದು ಅಂದಾಜಿತ್ತು. ಕೈಗೆ ಮಸಿ, ಪ್ಯಾಂಟಿನ ಮೇಲೆ ವೆಲ್ಡಿಂಗ್ ಕಿಡಿ ಬಿದ್ದು ಆದ ತೂತುಗಳು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಚಿಕ್ಕಣ್ಣನವರು ಮೊದಲ ಸಲ ನಮ್ಮ ಬಾಗಿಲಿಗೆ ಬಂದಾಗ, ಯಾರೋ ದೂರದ ನೆಂಟರು ಮದುವೆಗೆ ಕರೆಯಲು ಬಂದಿದ್ದಾರೆ ಎಂದುಕೊಂಡು ನಾನು ನೀರು ತರಲು ಒಳಗೆ ಹೋಗಿದ್ದೆ. ಬಿಳಿ ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ನೀಲಿ ಹಾಕಿ ಒಗೆದ ಬಿಳಿ ಟವೆಲು. ವಯಸ್ಸು ಅರವತ್ತೈದರ ಆಚೆ. ನೀರು ಕುಡಿದು ಲೋಟ ಕೆಳಗಿಟ್ಟು, "ಕಾಮಾಕ್ಷಿಪಾಳ್ಯದಿಂದ ಬಂದೆ ಕಣಮ್ಮ, ಒಲೆ ವಿಚಾರ," ಎಂದಾಗಲೇ ನನಗೆ ಗೊತ್ತಾಗಿದ್ದು.

ಆ ಬಿಳಿ ಬಟ್ಟೆಯ ಬಗ್ಗೆ ಆಮೇಲೆ ಒಂದು ದಿನ ಕೇಳಿದೆ. "ಹೊಗೆ ಇರೋ ಕಡೆ ಬಿಳೀದೇ ಹಾಕ್ಕೊಂಡು ಹೋಗ್ಬೇಕು. ನಾನು ಸುಳ್ಳು ಹೇಳಿದ್ರೂ ಬಟ್ಟೆ ಹೇಳಲ್ಲ," ಎಂದರು. ವರ್ಕ್‌ಶಾಪಿನಲ್ಲಿ ಅವರು ಬೇರೆಯೇ ಮನುಷ್ಯ. ಅಲ್ಲಿ ಖಾಕಿ ಚಡ್ಡಿ, ಬನಿಯನ್ನು, ಕಣ್ಣಿಗೆ ಕಪ್ಪು ಕನ್ನಡಕ. ಗಿರಾಕಿಯ ಮನೆಗೆ ಹೊರಟರೆ ಮಾತ್ರ ಸ್ನಾನ ಮಾಡಿ ಈ ವೇಷ.

ನಮ್ಮದು ಅತ್ತಿಗುಪ್ಪೆ. ಮೆಟ್ರೋ ಸ್ಟೇಷನ್ನಿನಿಂದ ಎರಡು ಕ್ರಾಸ್ ಹಿಂದೆ, ಮನೆಯ ಮುಂದಿನ ಹಾಲಿನಲ್ಲೇ ಆರು ಟೇಬಲ್ ಹಾಕಿ ನಡೆಸುವ ಮೆಸ್ಸು. ಬೋರ್ಡಿನ ಮೇಲೆ 'ಸೌದೆ ಒಲೆ ಮುದ್ದೆ ಊಟ' ಎಂದು ಬರೆಸಿದ್ದೆವು. ಮೆಸ್ಸು ನಡೆಸುವುದು ನಾನಾದರೂ ಮೆಸ್ಸು ಅಂದರೆ ನಮ್ಮ ಅತ್ತೆ ಕೆಂಪಮ್ಮ. ಅವರ ಬಸ್ಸಾರು, ಅವರು ತೊಳಸಿದ ಮುದ್ದೆ. ಮಧ್ಯಾಹ್ನ ಗಾರ್ಮೆಂಟ್ಸ್ ಸೂಪರ್‌ವೈಸರ್‌ಗಳು, ಹೆಲ್ಮೆಟ್ ತೆಗೆಯದೆ ಕೂರುವ ಡೆಲಿವರಿ ಹುಡುಗರು, ಕೋಚಿಂಗ್‌ಗೆ ಬಂದ ಹುಬ್ಬಳ್ಳಿ ಕಡೆಯವರು. ಭಾನುವಾರ ಬಸವೇಶ್ವರನಗರದಿಂದ ಕಾರಿನಲ್ಲಿ ಬರುವ ಸಂಸಾರಗಳು. ಅವರೆಲ್ಲ ಬರುತ್ತಿದ್ದುದು ಸೌದೆ ಒಲೆಗೆ. ಗ್ಯಾಸ್ ಮುದ್ದೆ ಅವರ ಮನೆಯಲ್ಲೇ ಸಿಗುತ್ತದೆ, ಇಲ್ಲಿಯವರೆಗೆ ಯಾಕೆ ಬರಬೇಕು ಎಂದು ಅತ್ತೆಯೇ ಹೇಳುತ್ತಿದ್ದರು. ಒಲೆ ಮುಂದೆ ಮಣೆ ಹಾಕಿಕೊಂಡು ಕೂತರೆ ಬೆಳಗ್ಗೆ ಎಂಟರಿಂದ ಮೂರರವರೆಗೆ ಏಳುತ್ತಿರಲಿಲ್ಲ. ಬೈಯುತ್ತಾ, ಕೆಮ್ಮುತ್ತಾ, ನಗುತ್ತಾ ಅಲ್ಲೇ ಇರುತ್ತಿದ್ದರು.

ಪಕ್ಕದ ಮನೆ ಸರೋಜಾ ಟೀಚರ್‌ದು. ರಿಟೈರ್ ಆಗಿದ್ದರು, ಒಬ್ಬರೇ ಇದ್ದರು, ಉಬ್ಬಸ ಇತ್ತು. ನಮ್ಮ ಅಡುಗೆಮನೆಯ ಹೊಗೆಗೂಡಿಗೆ ಎದುರಾಗಿ ಅವರ ರೂಮಿನ ಕಿಟಕಿ. ಎರಡು ವರ್ಷ ಬಾಯಿಮಾತಲ್ಲಿ ಹೇಳಿದರು, ನಾವು ಹೂಂ ಎಂದೆವು. ಮೂರನೇ ವರ್ಷ ಅರ್ಜಿ ಕೊಟ್ಟರು. ಪಾಲಿಕೆ ಕಚೇರಿಯಿಂದ ನೋಟಿಸ್ ಬಂತು: ವಸತಿ ಪ್ರದೇಶ, ಹೊಗೆ ಬಿಡುವ ಹಾಗಿಲ್ಲ, ಮೂರು ತಿಂಗಳೊಳಗೆ ಹೊಗೆ ನಿಲ್ಲಿಸದಿದ್ದರೆ ಸೌದೆ ಒಲೆ ಮುಚ್ಚಬೇಕು. ಟೀಚರ್ ಮೇಲೆ ನನಗೆ ಸಿಟ್ಟು ಬಂದಿದ್ದು ನಿಜ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಎಂದು ಗೊತ್ತಿದ್ದದ್ದರಿಂದ ಇನ್ನೂ ಜಾಸ್ತಿ ಬಂತು.

ಹೊಗೆ ಬರದ ಸೌದೆ ಒಲೆ ಇರುತ್ತದೆ ಎಂದು ಸೌದೆ ಡಿಪೋದವರು ಹೇಳಿ ಚಿಕ್ಕಣ್ಣನವರ ನಂಬರ್ ಕೊಟ್ಟಿದ್ದರು. ಹಾಗೆ ಬಂದ ಮನುಷ್ಯ ನಮ್ಮ ಒಲೆಯನ್ನು ನೋಡುತ್ತಾರೆ, ಅಳತೆ ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅಡುಗೆಮನೆಯ ಬಾಗಿಲಲ್ಲೇ ನಿಂತು ಒಳಗೆ ಒಮ್ಮೆ ಕಣ್ಣು ಹಾಯಿಸಿದರು, ಅಷ್ಟೆ.

"ಒಲೆ ಆಮೇಲೆ. ಕಂಪ್ಲೇಂಟ್ ಕೊಟ್ಟೋರು ಯಾರು?"

"ಪಕ್ಕದ ಮನೆ ಟೀಚರ್. ಅವರ ಹತ್ರ ನಮಗೆ ಮಾತಿಲ್ಲ," ಎಂದೆ.

"ನಿಮಗಿಲ್ಲ. ನನಗೇನು?" ಎಂದು ಹೇಳಿ ಸೀದಾ ಅವರ ಗೇಟು ತೆಗೆದು ಹೋದರು.

ಹೋದವರು ಊಟದ ಹೊತ್ತು ಮುಗಿಯುವವರೆಗೆ ಬರಲಿಲ್ಲ. ನಾನು ಬಡಿಸುತ್ತಾ ಬಡಿಸುತ್ತಾ ಕಾಂಪೌಂಡಿನ ಆಚೆ ಇಣುಕಿ ನೋಡಿದೆ. ಟೀಚರ್ ಮನೆಯ ಬಟ್ಟೆ ಒಣಗಿಸುವ ತಂತಿಯ ಮೇಲೆ ಚಿಕ್ಕಣ್ಣನವರ ಬಿಳಿ ಟವೆಲು ತೂಗುತ್ತಿತ್ತು. ಅವರು ವರಾಂಡದಲ್ಲಿ ಕೂತು, ನಮ್ಮ ಹೊಗೆ ಬರುವ ಕಡೆಗೆ ಮುಖ ಮಾಡಿಕೊಂಡು, ಟೀಚರ್ ಕೊಟ್ಟ ಕಾಫಿ ಕುಡಿಯುತ್ತಿದ್ದರು. ನಮ್ಮ ಮನೆಗೆ ಬಂದ ಮನುಷ್ಯ ಶತ್ರುಪಕ್ಷ ಸೇರಿಬಿಟ್ಟರಲ್ಲ ಎಂದು ಅತ್ತೆಗೆ ಹೇಳಿದೆ. "ಕಾಫಿ ಅವಳ ಮನೇಲಿ, ಊಟಕ್ಕೆ ಇಲ್ಲಿಗೆ ಬತ್ತಾನೇನೋ ನೋಡು," ಎಂದರು ಅತ್ತೆ.

ಬಂದರು. ಟವೆಲನ್ನು ಟೇಬಲ್ ಮೇಲೆ ಹರಡಿದರು. ಅದರ ಮೇಲೆ ಸಣ್ಣಗೆ ಕಪ್ಪು ಚುಕ್ಕೆಗಳು ಕೂತಿದ್ದವು. ಒಂದನ್ನು ಹೆಬ್ಬೆರಳಿನಿಂದ ಒರೆಸಿದರು, ಅದು ಹೋಗದೆ ಗೀಟಾಗಿ ಎಳೆಯಿತು. "ಸೌದೆ ಮಸಿ ಆಗಿದ್ರೆ ಉದುರೋಗ್ತಿತ್ತು. ಇದು ಅಂಟು. ಪ್ಲೈವುಡ್ ಹಾಕ್ತಾ ಇದೀರಾ?"

ಹಾಕುತ್ತಿದ್ದೆವು. ಮಾಗಡಿ ರೋಡಿನ ಕಡೆ ವರ್ಕ್‌ಶಾಪುಗಳಿಂದ ಪ್ಯಾಕಿಂಗ್ ಪೆಟ್ಟಿಗೆ, ಪ್ಲೈವುಡ್ ಚೂರು, ಬಣ್ಣ ಹಚ್ಚಿದ ಹಳೆ ಬಾಗಿಲ ಪಟ್ಟಿ ಎಲ್ಲವೂ ಸುಲಭವಾಗಿ ಸಿಗುತ್ತಿತ್ತು. ಬೆಂಕಿಗೆ ಯಾವ ಮರವಾದರೇನು ಎಂದು ನಾವು ಯೋಚಿಸಿರಲಿಲ್ಲ. "ಮರ ಅಲ್ಲ ಕಣಮ್ಮ ಅದು. ಮರದ ಪುಡಿಗೆ ಗೋಂದು ಹಾಕಿ ಒತ್ತಿರೋದು. ಅದನ್ನ ಉರಿಸಿ ನಾಕು ಜನಕ್ಕೆ ಊಟ ಹಾಕ್ತೀರ, ಐದನೇಯೋರಿಗೆ ವಿಷ ಹಾಕ್ತೀರ," ಎಂದರು. ದನಿ ಏರಿಸಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಆಮೇಲೆ ಪ್ರಶ್ನೆಗಳು ಶುರುವಾದವು. ದಿನಕ್ಕೆ ಎಷ್ಟು ಮುದ್ದೆ, ಒಂದು ಎಸರಿಗೆ ಎಷ್ಟು, ಪಾತ್ರೆಯ ತಳ ಎಷ್ಟು ಅಗಲ, ಸೌದೆ ಎಲ್ಲಿ ಇಡುತ್ತೀರಿ, ಮಳೆ ಬಿದ್ದರೆ ಅದರ ಮೇಲೆ ಏನು ಹೊದಿಸುತ್ತೀರಿ, ಮಧ್ಯಾಹ್ನ ಗಾಳಿ ಯಾವ ಕಡೆಯಿಂದ ಬರುತ್ತದೆ. ಕೊನೆಯದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. "ಟೀಚರ್‌ಗೆ ಗೊತ್ತು," ಎಂದರು. "ಜೂನ್‌ನಿಂದ ಆಚೆಗೆ ಎಲ್ಲಾ ಅವರ ಕಿಟಕಿಗೇ ಹೊಡೀತದೆ. ಅವರು ನಾಕು ತಿಂಗಳು ಕಿಟಕಿ ತೆಗ್ದೇ ಇಲ್ಲ." ಹತ್ತು ಅಡಿ ದೂರದ ಕಿಟಕಿ. ಅದು ಮುಚ್ಚಿದೆಯೋ ತೆಗೆದಿದೆಯೋ ನಾನು ಗಮನಿಸಿರಲಿಲ್ಲ.

ಒಲೆ ಯಾವಾಗ ಕೊಡುತ್ತೀರಿ ಎಂದರೆ, ಸೌದೆ ಒಣಗಿದ ಮೇಲೆ ಎಂದರು. ಒಳ್ಳೆ ಸರ್ವೆ ಮರದ ಸೌದೆ ತರಿಸಿ, ಮಣಿಕಟ್ಟಿನ ದಪ್ಪಕ್ಕೆ ಸೀಳಿಸಿ, ತಾರಸಿಯ ಮೇಲೆ ಶೀಟಿನ ಕೆಳಗೆ ಗಾಳಿ ಆಡುವ ಹಾಗೆ ಪೇರಿಸಿಡಬೇಕಂತೆ. ವಾರಕ್ಕೊಮ್ಮೆ ಬಂದು ಎರಡು ತುಂಡು ತೆಗೆದು ಒಂದಕ್ಕೊಂದು ಬಡಿದು ಸದ್ದು ಕೇಳುತ್ತಿದ್ದರು. ಠಣ್ ಎನ್ನಬೇಕು. ದಪ್ ಎಂದರೆ, "ಇನ್ನೂ ನೀರು ಐತೆ," ಎಂದು ಇಟ್ಟು ಹೊರಟುಬಿಡುತ್ತಿದ್ದರು. ನೋಟಿಸಿನ ಗಡುವು ಒಂದು ಕಡೆ ಕರಗುತ್ತಿತ್ತು, ಇವರು ಇನ್ನೊಂದು ಕಡೆ ಸೌದೆ ಬಡಿಯುತ್ತಿದ್ದರು. ನನಗೆ ತಲೆ ಕೆಟ್ಟುಹೋಗಿತ್ತು.

ತಲೆ ಕೆಟ್ಟೇ ಒಂದು ದಿನ ರಾಜಾಜಿನಗರದ ಒಂದು ಎಕ್ಸಿಬಿಷನ್‌ಗೆ ಹೋಗಿ ಬಂದೆ. ಅಲ್ಲಿ ಫ್ಯಾನ್ ಇರುವ ಸ್ಟೀಲ್ ಒಲೆ ಇಟ್ಟಿದ್ದರು. ಸೌದೆ ಚೂರು ಹಾಕಿ ಗುಂಡಿ ತಿರುಗಿಸಿದರೆ ನೀಲಿ ಉರಿ ಬರುತ್ತಿತ್ತು, ಹೊಗೆ ಹೆಸರಿಗೂ ಇಲ್ಲ. ಇನ್ನೊಂದರಲ್ಲಿ ಮರದ ಪುಡಿಯ ಗುಳಿಗೆ ಸುರಿಯಬೇಕು, ಅದು ತಾನೇ ಉರಿಯುತ್ತದೆ. ಫೋಟೋ ತೆಗೆದುಕೊಂಡು ಚಿಕ್ಕಣ್ಣನವರ ವರ್ಕ್‌ಶಾಪಿಗೇ ಹೋಗಿ ತೋರಿಸಿದೆ. ಬೇರೆಯವರ ಮಾಲು ತೋರಿಸಿದರೆ ಸಿಟ್ಟಾಗುತ್ತಾರೆ, ಬೇಗ ಕೆಲಸ ಮುಗಿಸುತ್ತಾರೆ ಎಂದು ನನ್ನ ಲೆಕ್ಕಾಚಾರ.

ಕಪ್ಪು ಕನ್ನಡಕ ಹಣೆಗೇರಿಸಿ ಫೋಟೋಗಳನ್ನು ಒಂದೊಂದಾಗಿ ನೋಡಿದರು. "ಒಳ್ಳೆ ಒಲೆ ಇದು. ನನ್ನದಕ್ಕಿಂತ ಚೆನ್ನಾಗಿ ಉರೀತದೆ. ಐದು ಜನರ ಮನೆಗೆ ಇದನ್ನೇ ತಗೊಳ್ಳಿ ಅಂತೀನಿ," ಎಂದರು. ಆಮೇಲೆ ಮೂಲೆಯಲ್ಲಿದ್ದ ಒಂದು ಸ್ಟೂಲು ಎಳೆದು, ಅದರ ಮೇಲೆ ಖಾಲಿ ಬಕೆಟ್ ಇಟ್ಟು, ಒಂದು ಕೋಲು ಕೊಟ್ಟು, "ಮುದ್ದೆ ತೊಳಸಿ," ಎಂದರು. ಬಕೆಟ್ಟಿನೊಳಗೆ ಕೋಲು ತಿರುವಿದೆ. ಸ್ಟೂಲು, ಬಕೆಟ್ಟು ಎರಡೂ ವಾಲಿ ನನ್ನ ಕಾಲ ಮೇಲೆ ಬಿದ್ದವು. "ಅನ್ನ ಬೇಯ್ಸೋಕೆ ಎಂಥ ಒಲೆ ಆದ್ರೂ ನಡೀತದೆ. ಮೂವತ್ತು ಮುದ್ದೆ ಹಿಟ್ಟು ತೊಳಸೋದು ಅಂದ್ರೆ ಒಲೆ ಜೊತೆ ಕುಸ್ತಿ. ಒಲೆ ತಗ್ಗಾಗಿರಬೇಕು, ನೆಲಕ್ಕೆ ಕಚ್ಕೊಂಡಿರಬೇಕು, ನಿಮ್ಮತ್ತೆ ಪಾದ ಒತ್ತಿ ಕೂರೋ ಹಾಗಿರಬೇಕು. ಗುಳಿಗೆ ಒಲೇಲಿ ಇನ್ನೊಂದು ತೊಂದ್ರೆ. ಗುಳಿಗೆ ಬರದ ದಿನ ಏನು ಮಾಡ್ತೀರ? ಪ್ಲೈವುಡ್ ಹಾಕ್ತೀರ."

ಒಲೆ ಆರಿಸುವುದು ಎಂದರೆ ಅಂಗಡಿಯಲ್ಲಿ ಹೊಳೆಯುವುದನ್ನು ಆರಿಸುವುದಲ್ಲ ಎಂದು ನನಗೆ ಅರ್ಥವಾಗಿದ್ದು ಆ ಬಕೆಟ್ಟು ಬಿದ್ದಾಗ. ಕಾಲಿನ ಹೆಬ್ಬೆರಳು ಮೂರು ದಿನ ನೋಯುತ್ತಿತ್ತು.

ಗಡುವಿಗೆ ಹತ್ತು ದಿನ ಇರುವಾಗ ಒಲೆ ಬಂತು. ಮೊಣಕಾಲಿಗಿಂತ ತಗ್ಗು. ಒಳಗೆ ಬೆಂಕಿ ಇಟ್ಟಿಗೆಯ ಗೂಡು, ಹೊರಗೆ ದಪ್ಪ ತಗಡಿನ ಹೊದಿಕೆ, ಎರಡರ ನಡುವೆ ಎರಡು ಬೆರಳು ಜಾಗ. ಹೊದಿಕೆಯ ಕೆಳಗೆ ಸುತ್ತಲೂ ಕಡಲೆಕಾಳು ಗಾತ್ರದ ತೂತುಗಳ ಸಾಲು. ಆ ತೂತುಗಳಿಂದ ಒಳಗೆ ಹೋದ ಗಾಳಿ ನಡುವಿನ ಜಾಗದಲ್ಲಿ ಕಾದು, ಮೇಲೆ ಹೋಗಿ, ಹೊಗೆಯ ಜೊತೆ ಸೇರಿ ಅದನ್ನೂ ಉರಿಸಿಬಿಡುತ್ತದೆ. "ಹೊಗೆ ಅಂದ್ರೆ ಇನ್ನೇನಲ್ಲ, ಉರೀದೇ ಉಳ್ಕೊಂಡಿರೋ ಸೌದೆ," ಎಂದು ಅತ್ತೆಗೆ ವಿವರಿಸಿದರು. ಅತ್ತೆ ತಲೆಯಾಡಿಸಿದರು, ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಚಿಮಣಿಯನ್ನು ಟೀಚರ್ ಮನೆಯ ನೀರಿನ ಟ್ಯಾಂಕಿಗಿಂತ ಒಂದಾಳು ಎತ್ತರಕ್ಕೆ ಏರಿಸಿದರು. ಹಚ್ಚಿದ ಮೊದಲ ಐದು ನಿಮಿಷ ಬಿಟ್ಟರೆ ಚಿಮಣಿಯ ತುದಿಯಲ್ಲಿ ಬಿಸಿಲು ನಡುಗುವುದು ಮಾತ್ರ ಕಾಣುತ್ತಿತ್ತು. ಚಿಕ್ಕಣ್ಣನವರು ಎಂದಿನಂತೆ ಟೀಚರ್ ವರಾಂಡದಲ್ಲಿ ಕೂತು, ಟವೆಲು ಒಣಗಹಾಕಿ, ಸಂಜೆ ಅದನ್ನು ಮಡಚಿಕೊಂಡು ಹೋದರು.

ನೋಟಿಸ್ ಕೊಟ್ಟ ಕಚೇರಿಯ ಇನ್‌ಸ್ಪೆಕ್ಟರ್ ಶುಕ್ರವಾರ ಹನ್ನೊಂದಕ್ಕೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದರು. ಗುರುವಾರ ಸಂಜೆ ನಾನು ತರಕಾರಿಗೆಂದು ವಿಜಯನಗರ ಮಾರ್ಕೆಟ್ಟಿಗೆ ಹೋಗಿದ್ದೆ. ಬಂದು ನೋಡಿದರೆ ಒಲೆ ಲಕ್ಷಣವಾಗಿ ಕಾಣುತ್ತಿತ್ತು. ಅತ್ತೆ ಕೆಮ್ಮಣ್ಣು ಸಗಣಿ ಕಲಸಿ ಮೇಲಿಂದ ಕೆಳಗಿನವರೆಗೆ ಸಾರಿಸಿ, ಸುತ್ತ ರಂಗೋಲಿ ಎಳೆ ಎಳೆದು, ಅರಿಶಿನ ಕುಂಕುಮ ಇಟ್ಟಿದ್ದರು. ಹೊಸ ಒಲೆ, ಮಾರನೆಯ ದಿನ ಶುಕ್ರವಾರ, ಸರ್ಕಾರದವರು ಬೇರೆ ಬರುತ್ತಾರೆ. ಅವರ ಪ್ರಕಾರ ಮಾಡಬೇಕಾದ್ದನ್ನೇ ಮಾಡಿದ್ದರು. ನಾನೂ, "ಚೆನ್ನಾಗಿದೆ ಅತ್ತೆ," ಎಂದೆ. ಇಬ್ಬರಿಗೂ ಹೊಳೆಯಲಿಲ್ಲ.

ಶುಕ್ರವಾರ ಬೆಳಗ್ಗೆ ಪೂಜೆ ಮುಗಿಸಿ ಹತ್ತರ ಮೇಲೆ ಒಲೆ ಹಚ್ಚಿದ ಕಾಲು ಗಂಟೆಗೆ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಹೊಗೆ. ಚಿಮಣಿಯಿಂದ ಹಳದಿ ಹೊಗೆ ದಪ್ಪವಾಗಿ ಏಳುತ್ತಿತ್ತು. ಚಿಕ್ಕಣ್ಣನವರಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಮೂರು ತಿಂಗಳು ಸೌದೆ ಬಡಿದಿದ್ದು ಇದಕ್ಕೇನಾ ಎಂದೂ ಕೇಳಿದೆ. ಅವರು ಮೊಪೆಡ್ಡಿನಲ್ಲಿ ಬಂದು ಇಳಿಯುವುದಕ್ಕೂ ಇನ್‌ಸ್ಪೆಕ್ಟರ್ ಗೇಟಿಗೆ ಬರುವುದಕ್ಕೂ ಸರಿಹೋಯಿತು.

ಒಲೆಯನ್ನು ನೋಡಿದ ಕೂಡಲೇ ಚಿಕ್ಕಣ್ಣನವರಿಗೆ ಗೊತ್ತಾಯಿತು. ಅತ್ತೆಯ ಮುಖ ನೋಡಿದರು. ಅತ್ತೆ ಒದ್ದೆ ಕೂದಲಿಗೆ ಗಂಟು ಹಾಕಿ, ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಿಂತಿದ್ದರು. ಚಿಕ್ಕಣ್ಣನವರು ಹೊರಗೆ ಹೋಗಿ ಇನ್‌ಸ್ಪೆಕ್ಟರ್‌ಗೆ, "ಸಾರ್, ಅರ್ಧ ಗಂಟೆ ಕೊಡಿ. ಪೂಜೆ ನಡೀತಾ ಐತೆ," ಎಂದರು. ಒಳಗೆ ಬಂದು ಪಂಚೆ ಎತ್ತಿ ಕಟ್ಟಿ, ನೆಲದ ಮೇಲೆ ಕೂತು, ಒಂದು ಸೈಕಲ್ ಕಡ್ಡಿ ಹಿಡಿದು ಸಗಣಿ ಮೆತ್ತಿಕೊಂಡಿದ್ದ ತೂತುಗಳನ್ನು ಒಂದೊಂದಾಗಿ ಬಿಡಿಸಿದರು. ಬಿಸಿ ತಗಡು. ಎರಡು ಸಲ ಕೈ ಸುಟ್ಟುಕೊಂಡರು. ಒಂದೊಂದು ತೂತು ಬಿಡಿಸಿದ ಹಾಗೂ ಹೊಗೆ ತೆಳುವಾಗುತ್ತಾ ಬಂತು. ಇನ್‌ಸ್ಪೆಕ್ಟರ್ ಒಳಗೆ ಬರುವ ಹೊತ್ತಿಗೆ ಉರಿ ನೆಟ್ಟಗೆ ನಿಂತಿತ್ತು. ಅವರು ಚಿಮಣಿ ನೋಡಿದರು, ಟೀಚರ್ ಮನೆಗೆ ಹೋಗಿ ಅವರನ್ನು ಕೇಳಿದರು. ಟೀಚರ್, "ಹತ್ತು ದಿನದಿಂದ ಕಿಟಕಿ ತೆಗೀತಾ ಇದೀನಿ," ಎಂದರಂತೆ. ಅವತ್ತು ಬೆಳಗ್ಗಿನ ಹೊಗೆಯ ಮಾತು ಎತ್ತಲಿಲ್ಲ. ಅವತ್ತಿನಿಂದ ನಾವು ಮಾತಾಡಲು ಶುರುಮಾಡಿದೆವು.

ಚಿಕ್ಕಣ್ಣನವರ ಬಿಳಿ ಬಟ್ಟೆಯ ತುಂಬ ಸಗಣಿ, ಕೆಮ್ಮಣ್ಣು. ನಾನು ಫೋನಿನಲ್ಲಿ ಅಂದಿದ್ದಕ್ಕೆ ನಾಚಿಕೆಯಾಗಿ ತಪ್ಪಾಯಿತು ಎಂದೆ. "ನಂದೇ ತಪ್ಪು," ಎಂದರು. "ಒಲೆಗೆ ಬಾಯಿ ಮಾಡ್ದೆ, ಮೂಗು ಮಾಡ್ದೆ, ಪೂಜೆ ಮಾಡೋಕೆ ಒಂದು ಮುಖ ಮಾಡ್ಲಿಲ್ಲ." ಮುಂದಿನ ವಾರ ಬಂದು ಒಲೆಯ ಬಲಗಡೆಗೆ ಅಂಗೈ ಅಗಲದ ಚೌಕ ತಗಡೊಂದನ್ನು ಬೆಸುಗೆ ಹಾಕಿದರು. "ಅಕ್ಕ, ಸಗಣಿ, ಅರಿಶಿನ, ಕುಂಕುಮ, ಹೂವ ಏನಿದ್ರೂ ಇಷ್ಟರೊಳಗೆ. ಇದರಾಚೆಗೆ ದೇವರಿಲ್ಲ," ಎಂದರು. ಅತ್ತೆ ಒಪ್ಪಿಕೊಂಡರು. ಅಷ್ಟು ಸುಲಭಕ್ಕೆ ಅವರು ನನ್ನ ಮಾತು ಯಾವತ್ತೂ ಒಪ್ಪಿದವರಲ್ಲ.

ಆಮೇಲೆ ಎರಡು ವರ್ಷ ಎಲ್ಲ ಸರಿಯಾಗಿ ನಡೆಯಿತು. ಆರು ತಿಂಗಳಿಗೊಮ್ಮೆ ಅವರೇ ಬಂದು ಚಿಮಣಿ ಕೆಡವಿ, ಮಸಿ ತೆಗೆದು, ಮತ್ತೆ ಕೂಡಿಸುತ್ತಿದ್ದರು. ಅದಾದ ಮೇಲೆ ಸ್ನಾನ ಮಾಡಿ ಬಟ್ಟೆ ಬದಲಿಸಿ ಟೀಚರ್ ವರಾಂಡದಲ್ಲಿ ಕೂರುವುದು. ಮಾಡಿದ ಪ್ರತಿ ಒಲೆಯನ್ನೂ ಅವರು ಹೀಗೇ ಪಕ್ಕದ ಮನೆಯಿಂದಲೇ ನೋಡುತ್ತಿದ್ದರಂತೆ. ಕಾಮಾಕ್ಷಿಪಾಳ್ಯ ಇನ್ನೂ ಹಳ್ಳಿಯಾಗಿದ್ದಾಗ ಅವರ ಮನೆಯಲ್ಲಿ ಬೆಲ್ಲದ ಆಲೆಮನೆ ಇತ್ತು. ಅದರ ಹೊಗೆಗೆ ಪಕ್ಕದ ಮನೆಯವರು ಜಗಳವಾಡಿ ಊರೇ ಬಿಟ್ಟು ಹೋದರು ಎಂದು ಒಮ್ಮೆ ಹೇಳಿದ್ದರು. "ನಮ್ಮಪ್ಪಂಗೆ ಹೊಗೆ ಕಾಣ್ತಾನೇ ಇರ್ಲಿಲ್ಲ. ಒಲೆ ಹಚ್ಚಿದೋನಿಗೆ ಅವನ ಹೊಗೆ ಕಾಣಲ್ಲ," ಎಂದಿದ್ದರು. ಅದಕ್ಕಿಂತ ಹೆಚ್ಚು ತಮ್ಮ ವಿಷಯ ಹೇಳಿದವರಲ್ಲ, ನಾನೂ ಕೆದಕಲಿಲ್ಲ.

ಮೂರನೇ ವರ್ಷ ಚಿಮಣಿ ಕೆಲಸಕ್ಕೆ ಬಂದ ದಿನ ಟೀಚರ್ ಮನೆಗೆ ಬೀಗ ಇತ್ತು. ಮಗಳ ಮನೆಗೆಂದು ಮೈಸೂರಿಗೆ ಹೋಗಿದ್ದರು. ಚಿಕ್ಕಣ್ಣನವರು ಬೀಗ ನೋಡಿ ವಾಪಸು ಬಂದು, ಕೂರಲು ಜಾಗವಿಲ್ಲದೆ, ಅಡುಗೆಮನೆಯ ಒಳಗೆ ಅತ್ತೆಯ ಪಕ್ಕ ಗೋಡೆಗೆ ಒರಗಿ ಕೂತರು. ಇಷ್ಟು ವರ್ಷದಲ್ಲಿ ಅಡುಗೆ ನಡೆಯುವಾಗ ಅವರು ಅಲ್ಲಿ ಕೂತಿದ್ದು ಅದೇ ಮೊದಲು. ಅತ್ತೆ ಒಲೆ ಹಚ್ಚಿದರು. ಹಚ್ಚುವಾಗ ಐದು ನಿಮಿಷ ಒಲೆಯ ಬಾಯಿಂದ ಹೊಗೆ ಬರುತ್ತದೆ, ಅದು ಎಲ್ಲ ಒಲೆಯಲ್ಲೂ ಬರುವಂಥದ್ದು. ಸೌದೆ ಮುಂದಕ್ಕೆ ತಳ್ಳಿದಾಗಲೆಲ್ಲ ಒಂದು ಉಸಿರಿನಷ್ಟು ಹೊಗೆ ಹೊರಗೆ ಬಂದು ಹೋಗುತ್ತದೆ. ಮುದ್ದೆಗೆ ಅನುಕೂಲವಾಗಲೆಂದು ತಗ್ಗಿಸಿ ಮಾಡಿದ ಒಲೆ. ಮಣೆ ಮೇಲೆ ಕೂತ ಅತ್ತೆಯ ಮುಖ ಸರಿಯಾಗಿ ಅದರ ಬಾಯಿಗೆ ಎದುರು.

ನಾನು ಬಡಿಸಲು ಒಳಗೂ ಹೊರಗೂ ಓಡಾಡುತ್ತಿದ್ದೆ. ಅವರು ಕೂತೇ ಇದ್ದರು. ಬೆರಳು ಮಡಿಸುತ್ತಿದ್ದರು. ಅತ್ತೆ ಕೆಮ್ಮಿದ್ದನ್ನು ಎಣಿಸುತ್ತಿದ್ದರು ಎಂದು ನನಗೆ ಆಗ ತಿಳಿಯಲಿಲ್ಲ. ಅವತ್ತು ಊಟ ಮಾಡದೆ ಹೋದರು.

ಮಾರನೆಯ ದಿನ ಬೆಳಗ್ಗೆಯೇ ಬಂದರು. ಕೂರಲಿಲ್ಲ. "ಒಲೆ ತೆಗ್ದುಬಿಡೋಣ ಕಣಮ್ಮ," ಎಂದರು.

ಏನು ಹೇಳುತ್ತಿದ್ದೀರಿ ಎಂದೆ. ಇನ್‌ಸ್ಪೆಕ್ಟರ್ ಒಪ್ಪಿದ್ದಾರೆ, ಟೀಚರ್ ಒಪ್ಪಿದ್ದಾರೆ, ಚಿಮಣಿಯಲ್ಲಿ ಹೊಗೆ ಇಲ್ಲ.

"ಆಚೆ ಇಲ್ಲ. ಇಷ್ಟು ವರ್ಷ ನಾನು ಪಕ್ಕದ ಮನೇಲಿ ಕೂತೆ. ಒಲೆ ಮುಂದೆ ಕೂತಿರೋರ ಪಕ್ಕ ಒಂದಿನ ಕೂರ್ಲಿಲ್ಲ. ನಿನ್ನೆ ಒಂದೊತ್ತು ಕೂತಿದ್ದಕ್ಕೆ ನಂಗೇ ರಾತ್ರಿ ಎದೆ ಹಿಡ್ಕೊಂಡಿತ್ತು."

ಅತ್ತೆ ಒಳಗಿನಿಂದ ಬಂದರು. ಕೇಳಿಸಿಕೊಂಡಿದ್ದರು. "ಕೆಮ್ಮು ನಂದು, ಒಲೆ ನಂದು. ನಿಂಗೇನಪ್ಪ ಕಷ್ಟ?" ಎಂದರು.

"ಒಲೆ ಮಾಡ್ದೋನು ನಾನು ಕಣಕ್ಕ."

"ಮಾಡಿ ಕೊಟ್ಟಾಯ್ತಲ್ಲ. ಇನ್ನು ನಿಂದಲ್ಲ ಅದು. ಬೋರ್ಡಲ್ಲಿ ಏನು ಬರ್ದೈತೆ ಓದ್ಕೊಂಡು ಹೋಗು."

ಒಲೆಯ ಬಾಯಿಯನ್ನು ಗೋಡೆಯಾಚೆ ಮಾಡಿ, ಸೌದೆಯನ್ನು ಹೊರಗಿನಿಂದ ಹಾಕುವ ಹಾಗೆ ಮಾಡಲಾಗದೇ ಎಂದು ನಾನು ಕೇಳಿದೆ. ಅವರು ಅದನ್ನೂ ಯೋಚಿಸಿಕೊಂಡೇ ಬಂದಿದ್ದರು. ಗೋಡೆಯಾಚೆ ಟೀಚರ್ ಕಾಂಪೌಂಡು. ನಮಗೆ ಅಂಗೈ ಅಗಲ ಜಾಗವಿಲ್ಲ. ಎತ್ತರ ಮಾಡಿದರೆ ಅತ್ತೆಗೆ ನಿಂತು ತೊಳಸುವ ಶಕ್ತಿಯಿಲ್ಲ. "ನಿಮ್ಮನೆಗೆ ಸರಿಹೋಗೋ ಸೌದೆ ಒಲೆ ನನ್ನ ಹತ್ರ ಇಲ್ಲ. ಬೇರೆ ಯಾರ ಹತ್ರನೂ ಇಲ್ಲ," ಎಂದು ಹೇಳಿ ಹೋದರು. ಒಲೆ ಮಾಡಿ ಬದುಕುವ ಮನುಷ್ಯ ಆ ಮಾತು ಹೇಳಲು ಬೆಳಗ್ಗೆ ಎದ್ದು ಮೊಪೆಡ್ ಹತ್ತಿ ಬಂದಿದ್ದರು. ಆ ಹೊತ್ತಿಗೆ ನನಗೆ ಅವರ ಮೇಲೆ ಬಂದಿದ್ದು ಸಿಟ್ಟು ಮಾತ್ರ.

ಅತ್ತೆಯನ್ನು ಬಲವಂತ ಮಾಡಿ ವಿಜಯನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಂದು ಕೊಳವೆಗೆ ಊದಿಸಿದರು. ಮೂರು ಸಲ ಊದಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ವರ್ಷದಿಂದ ಬೀಡಿ ಸೇದ್ತಾರೆ?" ಎಂದು ಕೇಳಿದರು. ಅತ್ತೆ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಅವರ ಕೆಮ್ಮನ್ನು ನಾನು ಅವರ ಬೈಗುಳದ ಹಾಗೆ, ಅವರ ನಗುವಿನ ಹಾಗೆ, ಅವರದೇ ಒಂದು ಅಭ್ಯಾಸ ಎಂದುಕೊಂಡುಬಿಟ್ಟಿದ್ದೆ. ಹದಿನೆಂಟು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಬೇಸರವಿದೆ.

ಚಿಕ್ಕಣ್ಣನವರಿಗೆ ಫೋನ್ ಮಾಡಿ ಬನ್ನಿ ಎಂದವಳು ನಾನೇ. ಲಗೇಜ್ ಆಟೋ ತಂದು ಒಲೆ ಎತ್ತಿಸಿಕೊಂಡು ಹೋದರು. ಕೆಂಗೇರಿಯಾಚೆ ಒಂದು ಹಾಸ್ಟೆಲ್ಲಿಗೆ, ಬಾಯಿಯನ್ನು ಗೋಡೆಯಾಚೆ ಇಟ್ಟು, ಕೂರಿಸಿಕೊಟ್ಟರಂತೆ. ನಮ್ಮ ಬೋರ್ಡಿನ ಮೇಲೆ 'ಸೌದೆ ಒಲೆ' ಎಂಬ ಎರಡು ಪದಕ್ಕೆ ಪೇಂಟರ್ ಬಿಳಿ ಬಳಿದ. ಒಲೆ ಹೋದ ದಿನ ಅತ್ತೆ ದೇವರ ಕೋಣೆಯಲ್ಲಿ ಕೂತಿದ್ದರು, ಹೊರಗೆ ಬರಲಿಲ್ಲ. ಮರುದಿನದಿಂದ ಗ್ಯಾಸ್ ಮೇಲೆ ನಾನು ಮುದ್ದೆ ತೊಳಸಿದೆ. ಅತ್ತೆ ಪಕ್ಕದಲ್ಲಿ ಕುರ್ಚಿಯಲ್ಲಿ ಕೂತು ನೀರು ಸಾಲದು, ಹಿಟ್ಟು ಬೇಯಲಿಲ್ಲ ಎಂದು ಹೇಳಿಕೊಟ್ಟರು. ಹೇಳಿಕೊಟ್ಟರೇ ಹೊರತು ತಿನ್ನಲಿಲ್ಲ. ಅನ್ನ ಮಜ್ಜಿಗೆ ಉಂಡು ಎದ್ದುಬಿಡುತ್ತಿದ್ದರು. ರಾಗಿ ತಿಂದೇ ಬೆಳೆದ ಹೆಂಗಸು ತಿಂಗಳಾದರೂ ಮುದ್ದೆ ಮುಟ್ಟಲಿಲ್ಲ.

ಗಿರಾಕಿಗಳು ಒಳ್ಳೆಯವರು. ಕೆಲವರು ಬರುವುದು ಬಿಟ್ಟರು. ಬಂದವರು ಅತ್ತೆಯ ಮುಖ ನೋಡಿ, "ಅಜ್ಜಿ, ಏನೂ ವ್ಯತ್ಯಾಸ ಇಲ್ಲ ಬಿಡಿ, ಅದೇ ಟೇಸ್ಟು," ಎನ್ನುತ್ತಿದ್ದರು. ನನ್ನ ಗಂಡ ಹಾಗೆಂದರು. ಟೀಚರ್ ಹಾಗೆಂದರು. ನಾನೂ ಹಾಗೆಂದೆ. ಪ್ರತಿ ಸಲ ಅತ್ತೆ ಹೂಂ ಎಂದು ಒಳಗೆ ಹೋಗಿಬಿಡುತ್ತಿದ್ದರು. ಸಮಾಧಾನ ಮಾಡುತ್ತಿದ್ದೇವೆ ಎಂದು ನಾವೆಲ್ಲ ತಿಳಿದಿದ್ದೆವು.

ಚಿಕ್ಕಣ್ಣನವರು ಈಗಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಮಗಳು ಫೋನ್ ಮಾಡಿ, ಅಪ್ಪ ಹೃದಯಾಘಾತದಿಂದ ಹೋದರು, ಹನ್ನೊಂದು ದಿನದ ಕಾರ್ಯ ಆಯಿತು, ನಂಬರ್ ಈಗ ಸಿಕ್ಕಿತು ಎಂದರು. ವರ್ಕ್‌ಶಾಪು ಇದ್ದ ಜಾಗದಲ್ಲಿ ಈಗ ಹೊಲಿಗೆ ಮಷೀನುಗಳು ಓಡುತ್ತಿವೆ. ತೀರಿಹೋಗುವ ಎರಡು ತಿಂಗಳ ಮೊದಲು ಅವರು ಒಮ್ಮೆ ಬಂದಿದ್ದರು. ಅದೇ ಕೊನೆ.

ಯಾವ ಕೆಲಸಕ್ಕೂ ಅಲ್ಲ, ಊಟಕ್ಕೆ ಬಂದಿದ್ದರು. ಮೂಲೆ ಟೇಬಲ್ಲಿನಲ್ಲಿ ಕೂತು ಮುದ್ದೆ ಬಸ್ಸಾರು ಹೇಳಿದರು. ಒಲೆ ಹೋದ ಮೇಲೆ ಅತ್ತೆ ಅವರ ಹೆಸರೆತ್ತಿರಲಿಲ್ಲ. ನಾನು ಬಡಿಸಿ ಒಳಗೆ ಹೋಗಿ, ಅವರು ಬಂದಿದ್ದಾರೆ ಎಂದೆ. ಅತ್ತೆ ಎದ್ದು ಬಂದು ಟೇಬಲ್ ಪಕ್ಕ ನಿಂತರು. ಚಿಕ್ಕಣ್ಣನವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಅರ್ಧ ಮುಗಿಯಿತು.

"ಹೆಂಗೈತೆ?" ಎಂದರು ಅತ್ತೆ ಕೊನೆಗೆ.

ಅವರು ಇನ್ನೊಂದು ತುತ್ತು ನುಂಗಿದರು. ಮತ್ತೊಂದು. ನಾನು ಸಾರಿನ ಬಕೆಟ್ ಹಿಡಿದು ಅಲ್ಲೇ ನಿಂತಿದ್ದೆ, ಒಂದು ಮಾತು ಚೆನ್ನಾಗಿದೆ ಎಂದುಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಆ ರುಚಿ ಇಲ್ಲ ಕಣಕ್ಕ," ಎಂದರು.

"ಇಲ್ಲ ಅಲ್ವಾ?"

"ಇಲ್ಲ. ಅದು ಹೋಯ್ತು."

ಅತ್ತೆ ಒಳಗೆ ಹೋದರು. ಎರಡು ತಟ್ಟೆಯಲ್ಲಿ ಎರಡು ಮುದ್ದೆ ಹಾಕಿಕೊಂಡು ಬಂದರು. ಒಂದನ್ನು ಅವರ ಮುಂದೆ ಇಟ್ಟು, ಎದುರಿನ ಕುರ್ಚಿ ಎಳೆದು ಕೂತು, ಇನ್ನೊಂದನ್ನು ತಾವು ಮುರಿದರು.